ಚೆಂಡು ಹಿಡಿದವರು ಯಾರು?

ಊದ್ ಮೇಥಾ, ದುಬೈ
ಬುಧವಾರ

ಸೋದರತ್ತೆಗೆ ನಮಸ್ಕಾರ.

ಬೆಳಗಿನ ಜಾವ ಮೂರು ಗಂಟೆಗೆ ಎದುರು ಮನೆಯ ಸೂಟ್‌ಕೇಸಿನ ಚಕ್ರದ ಸದ್ದಿಗೆ ಎಚ್ಚರವಾಯಿತು. ಅಲ್ಲಿನ ನನ್ನ ಗೆಳತಿ ಜಸೀಲಳ ತಮ್ಮ ಮಂಗಳೂರು ವಿಮಾನಕ್ಕೆ ಹೊರಟಿದ್ದಾನೆ. ಈ ಕಾರ್ಡನ್ನು ಇವತ್ತೇ ನಿಮ್ಮ ಕೈಗೆ ಕೊಡುತ್ತಾನೆ. ನಿಮ್ಮ ಹಳೇ ಫೋನಿಗೆ ಪಟ ಕಳಿಸಲು ಆಗುವುದಿಲ್ಲವಲ್ಲ, ಅದಕ್ಕೇ ಹಿಂಬದಿಗೆ ಅಂಟಿಸಿದ್ದೇನೆ, ನೋಡಿ. 1912ರಲ್ಲಿ ಬರಿಗಾಲಲ್ಲಿ ಆಡಿ, ವರ್ಷವಿಡೀ ಒಂದೂ ಪಂದ್ಯ ಸೋಲದ ನಮ್ಮ ಮಂಗಳೂರಿನ ಕಾಲೇಜು ಫುಟ್‌ಬಾಲ್ ತಂಡ. ಶುಕ್ರವಾರ ಇಲ್ಲಿ ಊರಿನವರ ಪಂದ್ಯವಿದೆ, ಆ ತಂಡದ ಕ್ಯಾಪ್ಟನ್ ಹೆಸರಿನಲ್ಲಿ ಕಪ್. ಪಟದಲ್ಲಿ ಯಾರ ಹೆಸರೂ ಬರೆದಿಲ್ಲ; ಚೆಂಡು ಹಿಡಿದು ನಡುವೆ ಕುಳಿತ ಕ್ಯಾಪ್ಟನ್ ನಿಮ್ಮ ಅಜ್ಜ ಎಂದು ನಾನೇ ಎಲ್ಲರಿಗೂ ಹೇಳಿದ್ದೆ.

ನಿನ್ನೆ ಜಸೀಲ ಪಟ ನೋಡಿ, “ಎಂತ ಮಾರಾಯ್ತಿ, ಇವರು ನಮ್ಮ ಅಜ್ಜನ ಅಪ್ಪ ಅಲ್ವಾ? ನಮ್ಮ ಮನೆ ಗೋಡೆಯಲ್ಲೂ ಇದೇ ಪಟ ಉಂಟು” ಎಂದಳು. ನಗುತ್ತಲೇ ಹೇಳಿದಳು, ಆದರೆ ಸಂಜೆ ಚಾ ಕುಡಿಯಲು ಬರಲಿಲ್ಲ. ರಾತ್ರಿ ಅಲ್ ಬರ್ಷಾದಿಂದ ನಮ್ಮೂರಿನವನೇ ಆದ ರೋಷನ್ ಫೋನ್ ಮಾಡಿ, “ಅಕ್ಕ, ಆ ಚೆಂಡಿನವರು ನಮ್ಮವರು ಮಾರಾಯ್ರೆ!” ಅಂದ. ಎಲ್ಲರ ಮನೆಯಲ್ಲೂ ಮಕ್ಕಳಿಗೆ ಚೆಂಡಿನವರನ್ನೇ ತೋರಿಸಿದ್ದಾರೋ ಏನೋ! ನೋಡಿ ನೋಡಿ ನನಗೀಗ ಹನ್ನೊಂದು ಮುಖಗಳೂ ಅಪ್ಪನ ಹಾಗೇ ಕಾಣುತ್ತಿವೆ.

ಪಾಪುವಿನ ಜ್ವರ ಬಿಟ್ಟಿದೆ, ನನಗೇ ನಿದ್ದೆಯಿಲ್ಲ. ನಿಮ್ಮ ಅಜ್ಜನನ್ನು ಕಣ್ಣಾರೆ ಕಂಡವರು ಈಗ ನೀವೊಬ್ಬರೇ. ನಮ್ಮವರು ಮೂಲೆಯಲ್ಲಿ ನಿಂತವರಾದರೂ ಪರವಾಗಿಲ್ಲ, ಜಸೀಲ ಮಾತು ಬಿಟ್ಟರೆ ಇಲ್ಲಿ ನನಗೆ ಬೇರೆ ಯಾರಿದ್ದಾರೆ? ಕ್ಯಾಪ್ಟನ್ ಹೆಸರು ಹಾಕಿದ ಪಂದ್ಯದ ಬ್ಯಾನರ್ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗುತ್ತದೆ. ಅದಕ್ಕೆ ಮೊದಲು, ನಡುರಾತ್ರಿಯಾದರೂ ಸರಿ, ಈ ಹನ್ನೊಂದು ಮಂದಿಯಲ್ಲಿ ನಿಮ್ಮ ಅಜ್ಜ ಯಾರೆಂದು ದಯವಿಟ್ಟು ಒಂದು ಫೋನ್ ಮಾಡಿ ಹೇಳಿ ಅತ್ತೆ.

ಅಕ್ಷಿತಾ