ಜಾಲಿಹಳ್ಳದ ಕಲ್ಲುಗಳು ಮತ್ತು ತಮ್ಮ ಸಭೆಯ ಮೊದಲ ತಾಸು

ವಿಧಾನಸಭೆಯ ಮಾನ್ಯ ಅಧ್ಯಕ್ಷರಿಗೆ,

ಮಾನ್ಯರೇ, ತಮ್ಮ ಸಭೆಯ ಮೇಜಿನ ಮೇಲೆ ಒಂದು ಸುಳ್ಳು ಬಿದ್ದಿದೆ. ಕಳೆದ ಅಧಿವೇಶನದಲ್ಲಿ, ಒಂದು ಬುಧವಾರ, ಅದನ್ನು ಅಲ್ಲಿ ಇಡಲಾಯಿತು. "ಜಾಲಿಹಳ್ಳವನ್ನು ಸಾರ್ವಜನಿಕರು ದಾಟಲು ಕಲ್ಲಿನ ವ್ಯವಸ್ಥೆ ಇರುವುದರಿಂದ ಕಿರುಸೇತುವೆಯ ಅಗತ್ಯ ಕಂಡುಬರುವುದಿಲ್ಲ" ಎಂಬುದೇ ಆ ಸುಳ್ಳು. ಆ ದಿನ ಜಾಲಿಹಳ್ಳದಲ್ಲಿ ಒಂದು ದಾಟುಗಲ್ಲೂ ಇರಲಿಲ್ಲ. ಇದು ನನಗೆ ಹೇಗೆ ಗೊತ್ತು ಎಂದು ತಾವು ಕೇಳಬಹುದು. ಕಲ್ಲು ಹಾಕಬೇಡಿ ಎಂದು ಊರವರಿಗೆ ಹೇಳಿದವನು ನಾನೇ.

ನಮ್ಮೂರು ಸಿಂದಗಿ ತಾಲ್ಲೂಕಿನದು. ಬಸ್ಸು ಹಿಡಿಯಬೇಕಾದರೆ ಕನ್ನೊಳ್ಳಿಗೆ ನಡೆಯಬೇಕು. ಊರನ್ನು ಜಾಲಿಹಳ್ಳ ಎರಡು ಮಾಡುತ್ತದೆ. ಈಚೆಗೆ ಸಾಲಿ, ಅಂಗಡಿ, ದರ್ಗಾ, ಬಸವಣ್ಣನ ಗುಡಿ. ಆಚೆಗೆ ನಲವತ್ತು ಮನೆಗಳು. ಪ್ರತಿ ವರ್ಷ ಬಸವ ಜಯಂತಿ ಮುಗಿದು ಕಾರಹುಣ್ಣಿಮೆ ಬರುವುದರೊಳಗೆ ಊರೆಲ್ಲ ಸೇರಿ ಹಳ್ಳಕ್ಕೆ ದಾಟುಗಲ್ಲು ಹಾಕುತ್ತದೆ. ಖಂಡೆಪ್ಪ ಕಾಕಾ ಎತ್ತು ಹೂಡಿ ಮಡ್ಡಿಯ ಕಲ್ಲುನೆಲದಿಂದ ಬಂಡೆ ಎಳೆಸುತ್ತಾರೆ. ಗೌಂಡಿ ಕಾಸಿಂಸಾಬರು ಮೊಣಕಾಲು ನೀರಿನಲ್ಲಿ ನಿಂತು ಒಂದೊಂದನ್ನೂ ಅಲುಗದ ಹಾಗೆ ಕೂಡಿಸುತ್ತಾರೆ. ಒಟ್ಟು ಇಪ್ಪತ್ತೊಂದು ಕಲ್ಲು. ಹಿಂಗಾರಿನ ಹೊತ್ತಿಗೆ ದೊಡ್ಡ ನೆರೆ ಬಂದು ಅವನ್ನು ಹೊತ್ತುಕೊಂಡು ಹೋಗುತ್ತದೆ. ಮುಂದಿನ ವರ್ಷ ಮತ್ತೆ ಹಾಕುತ್ತೇವೆ. ನನ್ನ ಅಜ್ಜನೂ ಹಾಕಿದ್ದನಂತೆ. ಯಾವ ಸರಕಾರವನ್ನೂ ನಾವು ಕೇಳಿರಲಿಲ್ಲ.

ಕೇಳಲು ಕಲಿಸಿದವನು ನಾನು. ಧಾರವಾಡದಲ್ಲಿ ಕನ್ನಡ ಸಾಹಿತ್ಯ ಓದಿ ಬಿ.ಎ. ಮುಗಿಸಿ ಊರಿಗೆ ಬಂದಿದ್ದೆ. ನಾಲ್ಕು ಜನರೆದುರು ನಿಂತರೆ ನನಗೆ ಮಾತು ಬಾರದು, ಕಾಗದದ ಮೇಲೆ ಮಾತ್ರ ಧೈರ್ಯ. ಪ್ರಜೆಗಳು ಆರಿಸಿದ ಮನೆಯೊಂದಿದೆ, ಅಲ್ಲಿ ನಮ್ಮ ಸದಸ್ಯರು ಕೂಡುತ್ತಾರೆ, ಪ್ರಶ್ನೆ ಕೇಳಿದರೆ ಸಚಿವರು ಎದ್ದು ನಿಂತು ಉತ್ತರ ಹೇಳಲೇಬೇಕು ಎಂದು ಪುಸ್ತಕದಲ್ಲಿ ಓದಿದ್ದೆ, ನಂಬಿದ್ದೆ. ಹೋದ ವರ್ಷ ಸೇತುವೆಗಾಗಿ ಒಂದು ಪ್ರಶ್ನೆ ಬರೆದು ನಮ್ಮ ಸದಸ್ಯರಿಗೆ ಕೊಟ್ಟೆ. ಸಜ್ಜನರು, ಕಳಿಸಿದರು. ಚುಕ್ಕೆ ಗುರುತಿಲ್ಲದ ಪ್ರಶ್ನೆಯಾದ್ದರಿಂದ ಉತ್ತರ ಬರಹದಲ್ಲಿ ಬಂತು. ಮೇಲೆ ಹೇಳಿದ ಅದೇ ವಾಕ್ಯ.

ಮಾನ್ಯರೇ, ಆ ವಾಕ್ಯದ ಅರ್ಥ ಗಮನಿಸಿ. ಜನ ತಾವೇ ಕಲ್ಲು ಹಾಕಿಕೊಂಡಿದ್ದಾರೆ, ಆದ್ದರಿಂದ ಸರಕಾರ ಹಾಕಬೇಕಾಗಿಲ್ಲ. ಇದೇ ನ್ಯಾಯದಿಂದ ಹಸಿದವನು ನೀರು ಕುಡಿದು ಮಲಗಿದರೆ ಅವನಿಗೆ ಊಟದ ವ್ಯವಸ್ಥೆ ಇದೆ ಎನ್ನಬಹುದಲ್ಲವೇ? ನನಗೆ ಸಿಟ್ಟು ಬಂತು. ಸಿಟ್ಟಿನ ಜೊತೆ ಒಂದು ಜಾಣತನವೂ ಹೊಳೆಯಿತು. ಕಲ್ಲೇ ಇಲ್ಲದಿದ್ದರೆ ಈ ಉತ್ತರ ಹೇಗೆ ನಿಂತೀತು?

ಈ ವರ್ಷ ಬಂಡೆ ಎಳೆಸುವ ದಿನ ಹಳ್ಳದ ದಂಡೆಗೆ ಹೋಗಿ ತಡವರಿಸುತ್ತಲೇ ಹೇಳಿದೆ. "ಇದೊಂದು ವರ್ಷ ಕಲ್ಲು ಹಾಕೋದು ಬ್ಯಾಡ್ರಿ. ಚುಕ್ಕಿ ಇದ್ದ ಪ್ರಶ್ನೆ ಹಾಕಸತೇನಿ. ಸಭಾದಾಗ ಸಚಿವರು ಬಾಯಿಲೆ ಉತ್ತರ ಹೇಳಬೇಕಾಗತೈತಿ. ಕಲ್ಲು ಅದಾವು ಅಂದ್ರ, ನಮ್ಮ ಸದಸ್ಯರು ಎದ್ದು ಇಲ್ಲ ಅಂತಾರ."

ಖಂಡೆಪ್ಪ ಕಾಕಾ ಎತ್ತಿನ ಹಗ್ಗ ಹಿಡಿದೇ ನಕ್ಕರು. "ಸಚಿವರಿಗೆ ಉತ್ತರ ಹೇಳತಿ, ಸರಿ. ಮಳಿಗೆ ಏನ್ ಹೇಳತಿಯೋ ಬಿ.ಎ.?"

"ಸುಮ್ಮನಿರ್ರಿ ಖಂಡೆಪ್ಪಣ್ಣ," ಎಂದರು ಕಾಸಿಂಸಾಬರು. "ಕಲತ ಹುಡುಗ. ತಿಳಿದ ಹೇಳಿರತಾನ."

ಅಲ್ಲೇ ಬಟ್ಟೆ ಒಗೆಯುತ್ತಿದ್ದ ಜೈತುನಬಿ ಆಯಿ ತಲೆ ಎತ್ತಿದಳು. ಊರಿನ ಸೂಲಗಿತ್ತಿ ಅವಳು. ಆಚೆ ಈಚೆ ಎನ್ನದೆ ಎಲ್ಲರ ಮನೆಯ ಕೂಸುಗಳನ್ನೂ ಮೊದಲು ಎತ್ತಿಕೊಂಡವಳು, ನನ್ನನ್ನೂ. "ಅಲ್ಲೋ ಯಪ್ಪಾ, ನಿಮ್ಮ ಸಭಾ ಮುಗಿಯೋತನ ತಡಿ ಅಂತ ಹುಟ್ಟೋ ಕೂಸಿಗೆ ಹೇಳಾಕ ಬರತೈತೇನು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಖಂಡೆಪ್ಪ ಕಾಕಾ ಕಾಸಿಂಸಾಬರ ಮಾತಿಗೆ ಬೆಲೆ ಕೊಟ್ಟು ಎತ್ತುಗಳನ್ನು ಬಿಚ್ಚಿದರು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ.

ಪ್ರಶ್ನೆಯನ್ನು ಮೂರು ಸಲ ತಿದ್ದಿ ಬರೆದೆ. ಉತ್ತರ ಬಂದ ಮೇಲೆ ಕೇಳಬೇಕಾದ ಉಪಪ್ರಶ್ನೆಯನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. "ಕಲ್ಲುಗಳು ಈಗ ಇಲ್ಲವೆಂಬುದು ಸಚಿವರ ಗಮನಕ್ಕೆ ಬಂದಿದೆಯೇ?" ನನ್ನ ಇಡೀ ವ್ಯೂಹ ನಿಂತದ್ದು ಆ ಚೀಟಿಯ ಮೇಲೆ. ದಿನ ಗೊತ್ತಾದಾಗ ಬಸವನ ಬಾಗೇವಾಡಿ ರೋಡ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ರೈಲು ಹಿಡಿದು, ಬೆಂಗಳೂರಿಗೆ ಹೋಗಿ ತಮ್ಮ ಪ್ರೇಕ್ಷಕರ ಗ್ಯಾಲರಿಯಲ್ಲಿ ಕುಳಿತೆ.

ಅಷ್ಟೊಂದು ಕಲ್ಲನ್ನು ಒಂದೇ ಕಡೆ ನಾನು ಎಂದೂ ನೋಡಿರಲಿಲ್ಲ. ತಾವು ಎತ್ತರದ ಪೀಠದಲ್ಲಿ, ತಮ್ಮ ಬಲಕ್ಕೆ ಸರಕಾರ, ಎಡಕ್ಕೆ ವಿರೋಧಪಕ್ಷ, ಕೆಳಗೆ ಆ ಮೇಜು. ಎಲ್ಲರೂ ತಮಗೆ ಬಾಗಿ ಒಳಗೆ ಬರುವುದು, ತಮ್ಮನ್ನು ಉದ್ದೇಶಿಸಿಯೇ ಮಾತಾಡುವುದು, ಬೈಯುವಾಗಲೂ "ಮಾನ್ಯ ಸದಸ್ಯರು" ಎನ್ನುವುದು ನೋಡಿ ಹೆಮ್ಮೆಯಾಯಿತು, ನಿಜ. ಮೊದಲ ತಾಸು ಪ್ರಶ್ನೆಗಳಿಗೆ ಮೀಸಲು. ನಮ್ಮದು ಪಟ್ಟಿಯಲ್ಲಿ ಮೂವತ್ತನಾಲ್ಕನೆಯದು. ಮೂರನೆಯ ಪ್ರಶ್ನೆ ಯಾವುದೋ ವಿಶ್ರಾಂತಿಗೃಹದ ಕಿಟಕಿಗಳ ಪರದೆ ಕುರಿತದ್ದು. ಪರದೆಯ ಬಣ್ಣದ ಮೇಲೆ ಏಳು ಉಪಪ್ರಶ್ನೆ ಬಂದವು. ಸಭೆ ಎರಡು ಸಲ ನಕ್ಕಿತು, ತಾವೂ ಮುಗುಳ್ನಕ್ಕಿರಿ. ಹನ್ನೊಂದನೆಯದು ನಡೆದಿದ್ದಾಗ ಗಂಟೆ ಬಾರಿಸಿತು. ಉಳಿದ ಪ್ರಶ್ನೆಗಳ ಉತ್ತರಗಳನ್ನು ಮೇಜಿನ ಮೇಲೆ ಇಡಲಾಗಿದೆ ಎಂದರು. ನಮ್ಮ ಸದಸ್ಯರು ಚೀಟಿ ಹಿಡಿದು ಅರ್ಧ ಎದ್ದು ಮತ್ತೆ ಕುಳಿತರು. ಬಾಯಿಂದ ಉತ್ತರ ಬಂದರಲ್ಲವೇ ಉಪಪ್ರಶ್ನೆ? ಮೇಜಿಗೆ ಯಾರು ಉಪಪ್ರಶ್ನೆ ಹಾಕುತ್ತಾರೆ? ಹೋದ ವರ್ಷದ ವಾಕ್ಯವನ್ನೇ, ಒಂದು ಅಕ್ಷರ ಬದಲಿಸದೆ, ಅಲ್ಲಿ ಇಟ್ಟಿದ್ದರು.

ತಾಸು ಮುಗಿದರೆ ಪ್ರಶ್ನೆ ಮುಗಿಯಿತೇ, ಮಾನ್ಯರೇ? ಸರದಿ ಬಾರದವನಿಗೆ ಮರುದಿನ ಮೊದಲ ಸರದಿ ಕೊಡುವುದು ನಮ್ಮೂರಿನ ಹಿಟ್ಟಿನ ಗಿರಣಿಯ ರೂಢಿ. ತಮ್ಮ ನಿಯಮಗಳ ಪುಸ್ತಕಕ್ಕೆ ಅಷ್ಟು ತಿಳಿಯದೇ?

ಅದೇ ದಿನ ಮುಂಜಾನೆ ನಮ್ಮೂರಲ್ಲಿ ನಡೆದದ್ದು ನಾನು ಮರಳಿದ ಮೇಲೆ ತಿಳಿಯಿತು. ಹಿಂದಿನ ದಿನ ಮಳೆ ಹಿಡಿದಿತ್ತು. ಆಚೆ ಮನೆಗಳ ಲಕ್ಕವ್ವನಿಗೆ ಹೆರಿಗೆ ಬೇನೆ ಬಂತು. ಕರೆಯಲು ಬಂದವರು ಆಚೆ ದಂಡೆಯಿಂದಲೇ ಕೂಗಿದರು. ನೀರು ಸೊಂಟದವರೆಗಿತ್ತು. ಕಲ್ಲಿದ್ದಿದ್ದರೆ ಕಾಲೂರಲು ಒಂದು ಆಸರೆ ಸಿಗುತ್ತಿತ್ತು. ಆಯಿ ಸೀರೆ ಕಚ್ಚೆ ಹಾಕಿ ಇಳಿದಳು, ನಡುಹಳ್ಳದಲ್ಲಿ ಜಾರಿ ಬಂಡೆಗೆ ಬಡಿದಳು. ಕಾಯುತ್ತಿದ್ದವರು ಆಚೆ ದಂಡೆಗೆ ಎಳೆದಾಗ ಸೊಂಟದ ಚಪ್ಪೆ ಮುರಿದಿತ್ತು. ದವಾಖಾನೆಗೆ ಒಯ್ಯುತ್ತೇವೆ ಎಂದರೆ ಒಪ್ಪದೆ, ಹೊರಸಿನ ಮೇಲೆ ಲಕ್ಕವ್ವನ ಮನೆಗೇ ಹೊರಿಸಿಕೊಂಡು ಹೋಗಿ, ಮಲಗಿದಲ್ಲಿಂದಲೇ ಆಕೆಯ ನೆಗೆಣ್ಣಿಗೆ ಹೀಗೆ ಮಾಡು ಹಾಗೆ ಮಾಡು ಎಂದು ಬಾಯಲ್ಲೇ ಹೆರಿಗೆ ಮಾಡಿಸಿದಳು. ಹೆಣ್ಣು ಕೂಸು. ಇಬ್ಬರೂ ಉಳಿದರು. ಆಯಿ ಮಾತ್ರ ಇನ್ನು ನಡೆಯಲಾರಳು ಎಂದು ಸಿಂದಗಿಯ ಡಾಕ್ಟರು ಹೇಳಿದರು. ಮುಂದಿನ ಬೇನೆಗೆ ಹಳ್ಳ ದಾಟುವವರು ನಮ್ಮಲ್ಲಿ ಯಾರೂ ಇಲ್ಲ.

ಅವಳ ಮುಂದೆ ಹೋಗಿ ನಿಂತೆ. ತಪ್ಪಾಯಿತು ಎನ್ನಲು ಬಾಯಿ ತೆರೆಯುವುದರೊಳಗೆ ಅವಳೇ ಕೇಳಿದಳು: "ನನ್ನ ಕಾಲಿನ ಸುದ್ದಿ ಬಿಡು. ಅಲ್ಲಿ ನಮ್ಮ ಹಳ್ಳದ ಹೆಸರು ಓದಿದರೇನು?"

"ಓದಿದರಾಯಿ," ಎಂದೆ.

"ಎಲ್ಲಾರೂ ಕೇಳಿದರೇನು?"

"ಎಲ್ಲಾರೂ ಕೇಳಿದರು."

"ಹಂಗಾರ ಆತ ಬಿಡು," ಎಂದಳು. ಮರುದಿನದಿಂದ ನೋಡಲು ಬಂದವರಿಗೆಲ್ಲ ಅದನ್ನೇ ಹೇಳತೊಡಗಿದಳು. ಬೆಂಗಳೂರಾಗ ನಮ್ಮ ಜಾಲಿಹಳ್ಳದ ಹೆಸರು ಓದ್ಯಾರ. ಖಂಡೆಪ್ಪ ಕಾಕಾ ನನ್ನ ಮುಖ ನೋಡಿದರು. ತಮ್ಮ ಮೇಜಿನ ಮೇಲಿನ ಸುಳ್ಳಿಗೂ ನಾನು ಹೇಳಿದ ಸುಳ್ಳಿಗೂ ವ್ಯತ್ಯಾಸವೇನು ಎಂದು ಅಂದಿನಿಂದ ಹುಡುಕುತ್ತಿದ್ದೇನೆ. ತಮ್ಮದು ಅಚ್ಚಾಗಿದೆ ಎಂಬುದಷ್ಟೇ ಸಿಕ್ಕಿದೆ.

ಕಲ್ಲುಗಳನ್ನು ನಾವು ಮತ್ತೆ ಹಾಕುತ್ತಿದ್ದೇವೆ. ಅದಕ್ಕೆ ತಮ್ಮ ಅಪ್ಪಣೆ ಬೇಕಿಲ್ಲ. ಸೇತುವೆ ಕಟ್ಟಿಸುವ ಅಧಿಕಾರ ಪೀಠಕ್ಕಿಲ್ಲ ಎಂಬುದೂ ನನಗೆ ಗೊತ್ತು. ಪೀಠಕ್ಕೆ ಸಾಧ್ಯವಾದದ್ದನ್ನೇ ಕೇಳುತ್ತೇನೆ. ಮುಂದಿನ ಅಧಿವೇಶನದಲ್ಲಿ ಆ ಮೂವತ್ತನಾಲ್ಕನೆಯ ಪ್ರಶ್ನೆಯನ್ನು ಮೊದಲು ಕರೆಯಿರಿ. ಜಾಲಿಹಳ್ಳ ಎಂಬ ಹೆಸರನ್ನು ಆ ಮನೆಯಲ್ಲಿ ಒಮ್ಮೆ ಬಾಯಿಬಿಟ್ಟು ಓದಿಸಿರಿ. ಉತ್ತರ ಇಟ್ಟ ದಿನ ಕಲ್ಲಿರಲಿಲ್ಲ, ಇರದಂತೆ ಮಾಡಿದವನು ಊರಿನ ಒಬ್ಬ ಪದವೀಧರ ಎಂದು ಕಡತದಲ್ಲಿ ತಿದ್ದಿಸಿರಿ. ನನ್ನ ಹೆಸರು ಬೇಕಾದರೆ ಕೊಡುತ್ತೇನೆ.

ಈ ಪತ್ರವನ್ನು ಪತ್ರಿಕೆಗೆ ಕಳಿಸುವ ಮುನ್ನ ಜೈತುನಬಿ ಆಯಿಯ ಮುಂದೆ ಕುಳಿತು ಪೂರ್ತಿ ಓದಿದೆ, ನಾನು ಹೇಳಿದ ಸುಳ್ಳಿನ ಭಾಗವನ್ನೂ ಬಿಡದೆ. ಆಮೇಲೆ ಕೇಳಿದಳು: "ಇದನ್ನಾದ್ರೂ ಓದತಾರೇನು ಅಲ್ಲಿ?"

ಈ ಸಲ ನಾನು ಉತ್ತರ ಹೇಳಲಿಲ್ಲ. ಹೇಳಬೇಕಾದವರು ತಾವು.

ಇಂತಿ,
ಖಂಡೆಪ್ಪ ಕಾಕಾನ ಎತ್ತುಗಳ ಹಿಂದೆ ಕಲ್ಲು ನೂಕುತ್ತಿರುವ
ಒಬ್ಬ ಬಿ.ಎ.