ಹಿಂಬದಿಯ ನಾಲ್ವರ ವಿಚಾರಣೆ

ಅಪ್ಪಾ,

ಕೇಳು! ಇವತ್ತು ನಮ್ಮೂರ ಫುಟ್ಬಾಲ್ ತಂಡದ ಮೇಲೆ ಮೂರು ಗೋಲು ಬಿದ್ದವು. ಪಂದ್ಯ ಮುಗಿದ ಮೇಲೆ ಎಂದಿನಂತೆ ಕ್ಷೌರದಂಗಡಿಯಲ್ಲಿ ನ್ಯಾಯಾಲಯ ಸೇರಿತು. ಗೋಲು ಕಾಯಬೇಕಾದ ಹಿಂಬದಿಯ ನಾಲ್ವರು ಡಿಫೆಂಡರುಗಳ ಮೇಲೆ ಆರೋಪ ಹೊರಿಸುವ ಪಾತ್ರ ನನ್ನದು, ಅವರ ಪರ ವಕೀಲಿಕೆ ನಿನ್ನದು. ನೀನು ತೀರಿಕೊಂಡ ಮೇಲೆ ಇದೇ ಮೊದಲ ಪಂದ್ಯ.

"ಎಲೈ ಹೇಡಿಗಳಿರಾ, ಕೋಟೆಯ ಬಾಗಿಲು ಹಾರು ಹೊಡೆದು ಎಲ್ಲಿ ನಿದ್ರಿಸುತ್ತಿದ್ದಿರಿ?" ಎಂದು ಕನ್ನಡಿಗಳು ಅದುರುವಂತೆ ಗರ್ಜಿಸಿದೆ. ಚಪ್ಪಾಳೆ ಬಿತ್ತು. ಆಮೇಲೆ ಎಲ್ಲರ ಕಣ್ಣೂ ನಿನ್ನ ಕುರ್ಚಿಯತ್ತ ಹೋಯಿತು.

"ಇವರ ಪರ ಯಾರ್ರೀ ಮಾತಾಡೋರು?" ಎಂದ ನಮ್ಮ ನ್ಯಾಯಾಧೀಶ, ಕ್ಷೌರಿಕ. ಯಾರೂ ಏಳಲಿಲ್ಲ. "ಹಾಗಾದ್ರೆ ನಾಲ್ವರೂ ತಪ್ಪಿತಸ್ಥರು. ಮುಗೀತು."

"ಇರಯ್ಯಾ," ಎಂದು ನಾನೇ ಎದ್ದೆ. ಮಧ್ಯದ ಆಟಗಾರರು ಚೆಂಡು ಕಳೆದುಕೊಂಡು ಹಿಂದಕ್ಕೆ ಓಡಿಬರಲೇ ಇಲ್ಲ, ನಾಲ್ವರೇ ಎಷ್ಟು ಜನರನ್ನು ತಡೆದಾರು ಎಂದು, ನೀನು ಹೇಳುತ್ತಿದ್ದುದನ್ನೇ ಹೇಳಿದೆ. ಧ್ವನಿ ಏರಲಿಲ್ಲ.

"ಸರಿ, ಬಿಡುಗಡೆ," ಎಂದು ಕ್ಷೌರಿಕ ನನ್ನತ್ತಲೇ ತಿರುಗಿದ. "ಏನಪ್ಪಾ, ಇದಕ್ಕೆ ಎದುರುತ್ತರ ಕೊಡಲ್ವಾ?"

ಎದುರುತ್ತರವನ್ನು ಮನೆಗೆ ಹೋಗುವ ದಾರಿಯುದ್ದಕ್ಕೂ ನಿನಗೆ ಕೊಡುತ್ತಿದ್ದೆನಲ್ಲ, ದೀಪದ ಕಂಬಕ್ಕೊಮ್ಮೆ ನಿಂತು, ಕೈ ಎತ್ತಿ. ಇವತ್ತು ಎಲ್ಲೂ ನಿಲ್ಲಲಿಲ್ಲ.

ಮನೆ ಬೇಗ ಬಂದುಬಿಟ್ಟಿತು.