ಸಾಹೇಬರಿಗೆ ಬರೆದ ಮಾನಪತ್ರ

೧೮ ನವೆಂಬರ್ ೨೦೨೪, ಸೋಮವಾರ. ಬೆಳಿಗ್ಗೆ ೮.೩೫, ಸ್ಟೇಶನ್

ಇನ್ನೂ ಬಂದಿಲ್ಲ. ಏಳೂ ಐವತ್ತರ ಪ್ಯಾಸೆಂಜರ್. ಮೈಕಿನಲ್ಲಿ ಏನೂ ಹೇಳಿಲ್ಲ. ಫೋನಿನಲ್ಲಿ ನೋಡಿದರೆ ‘ರೈಟ್ ಟೈಮ್’ ಎಂದೇ ತೋರಿಸುತ್ತಿದೆ.

ಅಬ್ಬಾ ಕಲ್ಲುಬೆಂಚಿನ ಮೇಲೆ. ಸೂಜಿ ಚುಚ್ಚುವ ಎಡಗೈಗೆ ಶಾಲು ಸುತ್ತಿಕೊಂಡಿದ್ದಾರೆ. ಎದುರಿಗೆ ಹಾದುಹೋಗುವವರ ಅಂಗಿ ನೋಡುವುದೇ ಕೆಲಸ. ಮೂವತ್ತು ವರ್ಷ ಟೇಲರ್ ಆಗಿದ್ದವರು.

“ಆ ಕಾಲರ್ ನೋಡ ಬೇಟಾ. ಅಂಗಿ ಹೊಲದಾನೋ, ಅವನ ಕುತಗಿ ಹಿಸಕಾಕ ಹೊಲದಾನೋ?”

ಗಡಿಯಾಚೆ ಮೀರಜಿನ ಆಸ್ಪತ್ರೆಯಲ್ಲಿ ವಾರಕ್ಕೆ ಮೂರು ದಿನ ಡಯಾಲಿಸಿಸ್. ಸೋಮ, ಬುಧ, ಶುಕ್ರ. ನಮ್ಮ ಪಾಳಿ ಒಂಬತ್ತರಿಂದ ಒಂದು. ಒಂದಕ್ಕೆ ಮಷೀನ್ ಮುಂದಿನವರದು. ಗಾಡಿ ಸರಿಯಾಗಿ ಬಂದರೆ ನಲವತ್ತು ನಿಮಿಷದ ದಾರಿ. ಬಸ್ಸಿನಲ್ಲಿ ಎರಡು ಕಡೆ ಇಳಿದು ಹತ್ತಬೇಕು, ಅಬ್ಬಾಗೆ ವಾಂತಿ. ಅಥಣಿಯಲ್ಲಿ ಹೆಸರು ಬರೆಸಿದ್ದೇವೆ, ಪಾಳಿ ಬಂದಿಲ್ಲ.

ಸಿಗ್ನಲ್ ಹಸಿರಾಯಿತು. ಎಲ್ಲರೂ ಎದ್ದರು.

ಗೂಡ್ಸ್.

೨೦ ನವೆಂಬರ್, ಬುಧವಾರ

ಆಸ್ಪತ್ರೆ ಮುಟ್ಟಿದ್ದು ಹತ್ತೂ ಹತ್ತಕ್ಕೆ. ಸಿಸ್ಟರ್ ಬೈಯುವುದಿಲ್ಲ, ಅದೇ ಕಷ್ಟ. “ಆಜ ಪಣ ಉಶೀರ, ಚಾಚಾ?” ಇವತ್ತೂ ತಡವೇ ಎಂದು ಮರಾಠಿಯಲ್ಲಿ ಕೇಳಿ ಸೂಜಿ ತೆಗೆದುಕೊಂಡರು. ನಾಲ್ಕು ತಾಸಿನ ಬದಲು ಎರಡು ಮುಕ್ಕಾಲು. ಮೈಯಲ್ಲಿ ನೀರು ಅಷ್ಟಷ್ಟೇ ಉಳಿದುಕೊಳ್ಳುತ್ತದೆ. ಇನ್ನೊಂದು ತಾಸು ಕೊಡಿ ಎಂದು ಕೇಳುವಂತಿಲ್ಲ. ಮುಂದಿನ ಪಾಳಿಯ ಅಜ್ಜಿ ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಾಗಿಲಲ್ಲೇ ಕೂತಿರುತ್ತಾಳೆ. ಅವಳ ತಪ್ಪೇನು?

ಹಿಂದಿರುಗುವಾಗ ಅಬ್ಬಾನ ಚಪ್ಪಲಿ ಕಾಲಿಗೆ ಹಿಡಿಸಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಬಂದೆ.

೨೯ ನವೆಂಬರ್, ಶುಕ್ರವಾರ. ಗಾಡಿಯಲ್ಲಿ

ಇಂದು ಐವತ್ತೈದು ನಿಮಿಷ ತಡ. ಬುಧವಾರ ಒಂದು ತಾಸು ಇಪ್ಪತ್ತು. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದಿಡುತ್ತಿದ್ದೇನೆ.

ಶುಭಾಂಗಿ ನೋಡಿಬಿಟ್ಟಳು. ಮೀರಜಿನ ಲ್ಯಾಬ್ ಒಂದರಲ್ಲಿ ಟೆಕ್ನಿಷಿಯನ್. ಆರು ವರ್ಷದಿಂದ ಪಾಸ್ ತೆಗೆಸಿ ಇದೇ ಗಾಡಿಯಲ್ಲಿ ಓಡಾಡುತ್ತಿದ್ದಾಳೆ. ರೈಲಿನ ಡಬ್ಬಿಯಲ್ಲಿ ಅವಳಿಗೆ ಹೆದರದವರಿಲ್ಲ.

“ರುಕ್ಸಾರ, ಕನ್ನಡ ಎಂ.ಎ. ಮಾಡೀದಿ. ಹಿಂದಿನ ಪುಟದಾಗ ಬರದ ಮುಚ್ಚಿಡ್ತಿ. ಮುಂದಿನ ಪುಟದಾಗ ಒಂದ ಅರ್ಜಿ ಬರೀಲೇ.”

“ಯಾರಿಗೆ ಬರೀಲಿ?”

“ಗಾಡಿ ಯಾರದೈತಿ, ಅವರಿಗೆ!”

ಅಬ್ಬಾ ಕಿಟಕಿಗೆ ತಲೆ ಆನಿಸಿ ನಿದ್ದೆಹೋಗಿದ್ದರು. ಬಾಯಿ ತೆರೆದಿತ್ತು. ಉಸಿರಿಗೆ ಸಣ್ಣ ಸದ್ದು ಬಂದಿದೆ. ಹೊಸದು.

೯ ಡಿಸೆಂಬರ್, ಸೋಮವಾರ

ರೈಲ್ವೆಗೆ ಅರ್ಜಿ ಹೋಯಿತು. ರಿಜಿಸ್ಟರ್ ಪೋಸ್ಟ್. ಒಂದೂವರೆ ಪುಟ, ಜೊತೆಗೆ ತಡವಾದ ದಿನಗಳ ಪಟ್ಟಿ, ಅರವತ್ತೊಂದು ಸಹಿ. ನಾನು ಯಾರ ಹತ್ತಿರವೂ ಹೋಗಲಿಲ್ಲ. ನಾಚಿಕೆ. ಶುಭಾಂಗಿಯೇ ಡಬ್ಬಿ ಡಬ್ಬಿ ಹತ್ತಿ ಇಳಿದು ಹಾಕಿಸಿದಳು. ಮೊದಲ ಸಹಿ ಪ್ರಯಾಣಿಕರ ಸಂಘದ ಅಧ್ಯಕ್ಷ ಬಾಪುಸಾಹೇಬರದು. ಕಬ್ಬು, ದ್ರಾಕ್ಷಿಯ ದೊಡ್ಡ ಮನೆತನ. ಅವರಿಗೆ ಕಾರಿದೆ, ಆದರೂ ವಾರಕ್ಕೊಮ್ಮೆ ಮೊಮ್ಮಗಳನ್ನು ನೋಡಲು ಗಾಡಿಯಲ್ಲೇ ಹೋಗುತ್ತಾರೆ. ಜನರ ಜೊತೆ ಮಾತು ಸಿಗುತ್ತದಂತೆ.

ಎರಡನೆಯದು ಅಬ್ಬಾನದು. ‘ಜಾಫರಸಾಬ, ಟೇಲರ್’. ಈಗ ಕತ್ತರಿ ಹಿಡಿಯಲಾಗದು. ಆದರೂ ಟೇಲರ್ ಎಂದು ಬರೆದರು.

೩ ಜನವರಿ ೨೦೨೫, ಶುಕ್ರವಾರ

ಉತ್ತರ ಬಂತು! ಹದಿನಾರನೆಯ ತಾರೀಖು ಹಿರಿಯ ಅಧಿಕಾರಿಯೊಬ್ಬರು ತಪಾಸಣೆಗೆ ಬರುತ್ತಾರೆ. ನಮ್ಮ ಸ್ಟೇಶನ್ನಿನಲ್ಲಿ ಹತ್ತು ನಿಮಿಷ ನಿಲ್ಲುತ್ತಾರೆ. ಪ್ರಯಾಣಿಕರ ಅಹವಾಲು ಕೇಳುತ್ತಾರೆ.

“ನೀನ ಮಾತಾಡಬೇಕು,” ಎಂದಳು ಶುಭಾಂಗಿ.

“ನನಗ ಆಗಂಗಿಲ್ಲ.”

“ಮತ್ತ ಯಾರಿಗಿ ಆಗತೈತಿ? ನಂದ ಹಾಫ್ ಡೇ ಹೋಗತೈತಿ, ಅಷ್ಟ. ನಿಮ್ಮಪ್ಪಂದ...”

ರಾತ್ರಿ ಅಮ್ಮಿಗೆ ಹೇಳಿದೆ. ರೊಟ್ಟಿ ಬಡಿಯುವುದನ್ನು ಬಿಟ್ಟು ಎರಡೂ ಕೈ ಎತ್ತಿ ದುವಾ ಮಾಡಿದಳು. ಹಿಟ್ಟಿನ ಕೈ.

ಅಬ್ಬಾ ಎರಡು ದಿಂಬು ಇಟ್ಟುಕೊಂಡು ಮಲಗುತ್ತಿದ್ದರು. ಈಗ ಮೂರು.

೧೨ ಜನವರಿ, ರವಿವಾರ

ಬಾಪುಸಾಹೇಬರ ಅಂಗಳದಲ್ಲಿ ಸಭೆ. ಇಪ್ಪತ್ತು ಜನ. ಚಹಾ, ಚೂಡಾ. ಹೆಂಗಸರೆಂದರೆ ನಾನು ಮತ್ತು ಶುಭಾಂಗಿ.

ತಪಾಸಣೆಗೆ ಬರುವ ಸಾಹೇಬರಿಗೆ ತಲೆಗೆ ಫೇಟಾ ಕಟ್ಟುವುದು, ಶಾಲು, ಹಣ್ಣಿನ ಬುಟ್ಟಿ, ಮಾನಪತ್ರ. ಹೀಗೆ ಠರಾವಾಯಿತು.

ಶುಭಾಂಗಿ ಎದ್ದು ನಿಂತಳು. “ಕಾಕಾ, ನಾವು ಅವರನ್ನ ಕೇಳಾಕ ಕರದೀವೋ, ಮದಿವಿ ಮಾಡಾಕೋ?”

ಎಲ್ಲರೂ ನಕ್ಕರು. ಬಾಪುಸಾಹೇಬರೂ ನಕ್ಕರು. ಆಮೇಲೆ ಸಮಾಧಾನವಾಗಿ ಹೇಳಿದರು: “ತಂಗಿ, ವೈರಿ ಬಾಗಿಲಿಗಿ ಬಂದ್ರೂ ನಾವು ಮೊದಲ ನೀರ ಕೊಡತೀವಿ. ಆಮ್ಯಾಲ ಜಗಳ. ದೊಡ್ಡ ಮನಶ್ಯಾ ನಮ್ಮೂರಿಗಿ ಬರಾಕತ್ತಾನ. ಬಂದ ಕೂಡಲೇ ಬಾಯಿ ತಗದ್ರ, ಈ ಊರಾಗ ರೀತಿ ಇಲ್ಲಂತಾರ. ಮೊದಲ ಮಾನ, ಆಮ್ಯಾಲ ಮಾತು.”

ಯಾರಿಗೂ ಅದು ತಪ್ಪೆನಿಸಲಿಲ್ಲ. ನನಗೂ ಅನಿಸಲಿಲ್ಲ. ನಮ್ಮ ಮನೆಗೆ ಬಂದವರಿಗೂ ಅಮ್ಮಿ ಹಾಗೆಯೇ ಮಾಡುತ್ತಾಳೆ.

ಮಾನಪತ್ರ ಬರೆಯುವವರು ಯಾರು? ಎಲ್ಲರೂ ನನ್ನ ಕಡೆ ನೋಡಿದರು.

ಹೊರಗೆ ಬಂದು ಶುಭಾಂಗಿ, “ಕತ್ತಿ ಹಿಡಿ ಅಂದ್ರ ಹಾರ ಕಟ್ಟಾಕ ಕುಂತಿ,” ಎಂದಳು. ಕೊನೆಯ ಪ್ಯಾರಾದಲ್ಲಿ ನಮ್ಮ ಬೇಡಿಕೆ ಇರುತ್ತದೆ ಎಂದೆ. ಅಬ್ಬಾನ ಪಾಳಿ, ತಡವಾದ ದಿನಗಳು, ಎಲ್ಲ. ಓದುವವಳು ನಾನೇ, ಹಾಳೆ ಕೈಯಲ್ಲಿದ್ದರೆ ನನಗೆ ಧೈರ್ಯ.

“ಮೊದಲನೇ ಪ್ಯಾರಾಕ್ಕ ಹಾಕ.”

“ಕಾಕಾ ಒಪ್ಪಂಗಿಲ್ಲ.”

ಕಾಕಾನನ್ನು ನಾನು ಕೇಳಿಯೇ ಇರಲಿಲ್ಲ.

೧೪ ಜನವರಿ, ಮಂಗಳವಾರ

ಸಂಕ್ರಾಂತಿ. ಶುಭಾಂಗಿ ಎಳ್ಳು ಬೆಲ್ಲ ಕೊಟ್ಟು ಹೋದಳು. ಮಧ್ಯಾಹ್ನವೆಲ್ಲ ಮಾನಪತ್ರ.

ಬರೆಯುವಾಗ ಖುಷಿಯಾಯಿತು. ಸುಳ್ಳು ಹೇಳಲಾರೆ. ಎಂ.ಎ. ಮುಗಿದ ಮೇಲೆ ಇಷ್ಟು ಮನಸ್ಸಿಟ್ಟು ಏನನ್ನೂ ಬರೆದಿರಲಿಲ್ಲ. ‘ಗಡಿಯಂಚಿನ ಈ ನಾಡಿನ ಜನರಿಗೆ ತಮ್ಮ ಗಾಡಿಗಳೇ ಬದುಕಿನ ನಾಡಿ.’ ಎರಡು ಸಲ ಹೊಡೆದು ಹಾಕಿ, ಮೂರನೆಯ ಸಲ ಉಳಿಸಿದೆ.

ಅಬ್ಬಾಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. “ಭಾಳ ಛಂದ ಹೊಲದಿ ಬೇಟಾ. ಎಲ್ಲಿ ಹೊಲಿಗಿ ಕಾಣಸಂಗಿಲ್ಲ.” ಆಮೇಲೆ, “ಸಾಹೇಬರು ಖುಷಿ ಆಗತಾರ. ಖುಷಿ ಆದ್ರ ಗಾಡಿ ಬರತೈತಿ.”

ನಿನ್ನೆಯೇ ಬಾಪುಸಾಹೇಬರು ಫೋಟೋ ಸ್ಟುಡಿಯೋದವನಿಗೆ ಹೇಳಿಟ್ಟಿದ್ದಾರೆ. ನಾಳೆ ಪ್ರಿಂಟ್, ಚೌಕಟ್ಟು, ಗಾಜು.

೧೬ ಜನವರಿ, ಗುರುವಾರ

ಸಾಹೇಬರ ಸ್ಪೆಶಲ್ ಹನ್ನೊಂದಕ್ಕೆ ಬರಬೇಕಿತ್ತು. ಹನ್ನೊಂದಕ್ಕೇ ಬಂತು. ಒಂದು ನಿಮಿಷ ಆಚೆ ಈಚೆ ಇಲ್ಲ.

ಫೇಟಾ ಕಟ್ಟಲು ನಾಲ್ಕು ನಿಮಿಷ ಹಿಡಿಯಿತು. ಕಟ್ಟುವವನು ಮೊದಲ ಸಲ ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದ. ಶಾಲು. ಹಣ್ಣು. ಫೋಟೋಕ್ಕೆಂದು ಶಾಲು ಇನ್ನೊಮ್ಮೆ. ಬಾಪುಸಾಹೇಬರ ನಾಲ್ಕು ಮಾತು. ಆಮೇಲೆ ನಾನು.

ಧ್ವನಿ ನಡುಗಲಿಲ್ಲ. ಚೆನ್ನಾಗಿ ಓದಿದೆ. ‘ಬದುಕಿನ ನಾಡಿ’ ಬಂದಾಗ ಚಪ್ಪಾಳೆ. ಸಾಹೇಬರು ತಲೆದೂಗಿದರು. ಕನ್ನಡ ಬರುತ್ತದೆ ಅವರಿಗೆ. ಒಳ್ಳೆಯ ಮನುಷ್ಯನಂತೆಯೇ ಕಂಡರು.

ಕೊನೆಯ ಪ್ಯಾರಾ ಉಳಿದಿತ್ತು. ‘ಆದರೆ ಮಾನ್ಯರೇ’ ಎಂದೆ. ಹಿಂದೆ ನಿಂತಿದ್ದವನು ಅವರ ಕಿವಿಯಲ್ಲಿ ಏನೋ ಹೇಳಿದ. ಸಿಗ್ನಲ್ ಆಗಿತ್ತು. ಅವರು ನಗುತ್ತ ಎದ್ದು, ಎರಡೂ ಕೈ ಚಾಚಿ, ನಾನು ಓದುತ್ತಿದ್ದ ಚೌಕಟ್ಟನ್ನೇ ನನ್ನ ಕೈಯಿಂದ ತೆಗೆದುಕೊಂಡರು. “ಬಹಳ ಚೆನ್ನಾಗಿ ಬರೆದಿದ್ದೀಯಮ್ಮಾ.”

ಥ್ಯಾಂಕ್ಯೂ ಸರ್ ಎಂದೆ.

ನಾನು ಅಂದದ್ದು ಅಷ್ಟೇ.

ಶುಭಾಂಗಿ ಹಿಂದಿನಿಂದ “ಸರ್, ಏಳೂ ಐವತ್ತರ ಗಾಡೀ” ಎಂದು ಕೂಗಿದಳು. ಅಷ್ಟರಲ್ಲಿ ಹಲಗೆ, ತಾಸೆಗಳ ಸದ್ದು. ಬಾಜಾದವರನ್ನು ಯಾರು ಕರೆಸಿದ್ದರೋ.

ಅಬ್ಬಾ ಮೊದಲ ಸಾಲಿನಲ್ಲಿದ್ದರು. ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಎಲ್ಲರೂ ಎದ್ದಾಗ ಕೂತಿರಬಾರದು ಎಂದು.

“ಕಟ್ಟಿನಾಗ ಕಡೀ ಪ್ಯಾರಾ ಐತೆಲ್ಲ. ಓದತಾರ ಬಿಡವಾ,” ಎಂದರು ಬಾಪುಸಾಹೇಬರು.

೨೦ ಜನವರಿ, ಸೋಮವಾರ. ಬೆಳಿಗ್ಗೆ ೯.೦೫, ಸ್ಟೇಶನ್

ಇನ್ನೂ ಬಂದಿಲ್ಲ.

೨೭ ಜನವರಿ, ಸೋಮವಾರ

ಶುಭಾಂಗಿಗೆ ಪರಿಚಯದ ವಕೀಲರು ಚಿಕ್ಕೋಡಿಯಲ್ಲಿದ್ದಾರೆ. ಅಬ್ಬಾನ ಹೆಸರಿನಲ್ಲಿ ಗ್ರಾಹಕರ ಆಯೋಗಕ್ಕೆ ದೂರು. ನನ್ನ ನೋಟ್‌ಬುಕ್ಕಿನ ಪಟ್ಟಿ, ಆಸ್ಪತ್ರೆಯ ಚೀಟಿಗಳು. ಟಿಕೆಟ್ ತೆಗೆದುಕೊಂಡ ಮೇಲೆ ಹೊತ್ತಿಗೆ ಮುಟ್ಟಿಸುವುದು ಅವರ ಜವಾಬ್ದಾರಿ, ಯಾಕೆ ತಡ ಎಂದು ಅವರೇ ಕಾರಣ ತೋರಿಸಬೇಕು ಎಂದರು ವಕೀಲರು.

ಅಬ್ಬಾ ಸಹಿ ಹಾಕಲು ಹೊತ್ತು ಹಿಡಿಯಿತು. “ನಾವ ಸನ್ಮಾನ ಮಾಡಿದ ಮನಶ್ಯಾನ ಮ್ಯಾಲ ಕೇಸ್ ಹಾಕೂದು... ಸರಿ ಕಾಣಸ್ತೈತೇನ ಬೇಟಾ?”

“ಅವರ ಮ್ಯಾಲ ಅಲ್ಲ ಅಬ್ಬಾ, ಗಾಡಿ ಮ್ಯಾಲ.”

“ಹಂಗಾದ್ರ ಹಾಕೂಣ.”

೭ ಫೆಬ್ರವರಿ, ಶುಕ್ರವಾರ

ಒಂದು ತಾಸು ನಲವತ್ತು. ಮಷೀನ್ ಸಿಕ್ಕಿದ್ದು ಎರಡು ತಾಸು.

ಮನೆಗೆ ಬಂದು ಗೋಡೆಗೆ ಒರಗಿ ಕೂತರು. ಮಲಗಿದರೆ ಉಸಿರು ಕಟ್ಟುತ್ತದಂತೆ.

೨೬ ಫೆಬ್ರವರಿ, ಬುಧವಾರ

ಹತ್ತೊಂಬತ್ತು ದಿನದಿಂದ ಬರೆದಿಲ್ಲ.

ಬರೆಯಬೇಕು. ಇಲ್ಲದಿದ್ದರೆ ಗಂಟೆ, ನಿಮಿಷ ಮರೆತುಹೋಗುತ್ತವೆ. ವಕೀಲರು ಕೇಳುತ್ತಾರೆ.

೧೦ನೆಯ ತಾರೀಖು, ಸೋಮವಾರ. ೭.೩೦ಕ್ಕೆ ಸ್ಟೇಶನ್. ೮.೩೦, ಇಲ್ಲ. ೯.೦೦, ಇಲ್ಲ. ೯.೨೦ಕ್ಕೆ ಗೂಡ್ಸ್ ಹೋಯಿತು. ಅಬ್ಬಾ ಬೆಂಚಿನಿಂದ ಮುಂದಕ್ಕೆ ಬಾಗಿದರು. ಬಾಯಲ್ಲಿ ನೊರೆ, ಗುಲಾಬಿ ಬಣ್ಣ. ಶುಭಾಂಗಿ ಬಾಪುಸಾಹೇಬರಿಗೆ ಫೋನ್ ಮಾಡಿದಳು. ಅವರು ಚಪ್ಪಲಿಯಿಲ್ಲದೆ ಕಾರು ತಂದರು. ೯.೩೫.

ಕಾರಿನಲ್ಲಿ ಅಬ್ಬಾ ಹೇಳಿದ್ದು ಒಂದೇ ಮಾತು. ನನಗಲ್ಲ, ಬಾಪುಸಾಹೇಬರಿಗೆ. “ಸೀಟ ಹೊಲಸಾಗತೈತ್ರಿ. ಚಾದರ... ಹಾಸ್ರಿ.”

ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಬಾಪುಸಾಹೇಬರು ಹಾರ್ನ್ ಮೇಲಿನ ಕೈ ತೆಗೆಯಲೇ ಇಲ್ಲ. ಕೃಷ್ಣೆಯ ಸೇತುವೆ ದಾಟಿದ್ದು ನೆನಪಿದೆ. ಆಮೇಲೆ ನನ್ನ ತೋಳಿನ ಮೇಲಿದ್ದ ತಲೆ ಭಾರವಾಯಿತು.

ಗಂಟೆ ನೋಡಲಿಲ್ಲ. ಅದೊಂದನ್ನು ಮಾತ್ರ ನೋಡಲಿಲ್ಲ.

೨೭ ಫೆಬ್ರವರಿ, ಗುರುವಾರ

ಬಾಪುಸಾಹೇಬರು ಬಂದಿದ್ದರು. ಒಳಗೆ ಬರಲಿಲ್ಲ. ಹೊಸ್ತಿಲಲ್ಲಿ ಕೂತು ಟೊಪ್ಪಿಗೆ ತೆಗೆದು ಅತ್ತರು. “ಆವತ್ತ ಮೊದಲ ಮಾತಾಡಿಸಬೇಕಿತ್ತು. ನನ್ನ ತಪ್ಪವಾ.”

ಅಮ್ಮಿ ಇದ್ದತ್ತಿನಲ್ಲಿದ್ದಾಳೆ, ವಿಧವೆಯ ಶೋಕದ ಅವಧಿ. ನಾಲ್ಕು ತಿಂಗಳು ಹತ್ತು ದಿನ ಹೊರಗೆ ಬರುವಂತಿಲ್ಲ, ಪರಪುರುಷರ ಎದುರು ನಿಲ್ಲುವಂತಿಲ್ಲ. ಪರದೆಯ ಹಿಂದಿನಿಂದಲೇ ಅಂದಳು: “ರುಕ್ಸಾರ, ಅವರಿಗಿ ಚಹಾ ಕೊಡ.”

ಕೊಟ್ಟೆ.

೨೮ ಮಾರ್ಚ್, ಶುಕ್ರವಾರ

ಅಬ್ಬಾನ ಜಾಗದಲ್ಲಿ ಈಗ ನನ್ನ ಹೆಸರು. ವಾರಸುದಾರಳು.

ಎದುರುದಾರರ ಉತ್ತರ ಬಂದಿದೆ. ವಕೀಲರು ಓದಿ ನನ್ನ ಕಡೆ ಹಾಳೆ ಸರಿಸಿದರು. ತಮ್ಮ ಬಾಯಿಂದ ಹೇಳಲಾಗಲಿಲ್ಲವೇನೋ.

‘ದೂರುದಾರಳೇ ಸ್ವತಃ ರಚಿಸಿ, ಸಾರ್ವಜನಿಕವಾಗಿ ಓದಿದ ಮಾನಪತ್ರದಲ್ಲಿ “ತಮ್ಮ ಗಾಡಿಗಳೇ ಬದುಕಿನ ನಾಡಿ” ಎಂದು ಸೇವೆಯನ್ನು ಶ್ಲಾಘಿಸಿರುತ್ತಾರೆ. ಸದರಿ ದಿನ ಯಾವುದೇ ಮೌಖಿಕ ದೂರು ಸಲ್ಲಿಕೆಯಾಗಿರುವುದಿಲ್ಲ. ಮೂಲ ದೂರುದಾರರೂ ಹಾಜರಿದ್ದು ಹರ್ಷ ವ್ಯಕ್ತಪಡಿಸಿರುತ್ತಾರೆ. ಛಾಯಾಚಿತ್ರ ಲಗತ್ತಿಸಿದೆ.’

ಮಾನಪತ್ರದ ಪ್ರತಿಯೂ ಇದೆ. ನಾಲ್ಕರಲ್ಲಿ ಮೂರೇ ಪ್ಯಾರಾ. ಝೆರಾಕ್ಸ್ ಅಲ್ಲಿಗೇ ಮುಗಿದಿದೆ.

ಛಾಯಾಚಿತ್ರದಲ್ಲಿ ಸಾಹೇಬರು, ಫೇಟಾ, ನಾನು. ಬಲಗಡೆ ಅಬ್ಬಾ. ಚಪ್ಪಾಳೆ ತಟ್ಟುತ್ತಿದ್ದಾರೆ. ಕುರ್ಚಿ ಬಿಟ್ಟು, ಎರಡೂ ಕೈಯಿಂದ. ಆವತ್ತು ನಾನು ಹಾಳೆ ನೋಡುತ್ತಿದ್ದೆ, ಅವರನ್ನು ನೋಡಿರಲಿಲ್ಲ. ಅಷ್ಟು ದೊಡ್ಡದಾಗಿ ನಗುತ್ತಿದ್ದಾರೆ. ಸಾಹೇಬರಿಗಲ್ಲ. ನನ್ನ ಕಡೆ ನೋಡಿ.

“ಒರಿಜಿನಲ್ ಫೋಟೋ ಕೇಳಬಹುದಾ ಸರ್?” ಎಂದೆ.

೧೫ ಏಪ್ರಿಲ್, ಮಂಗಳವಾರ

ನಾಡಿದ್ದು ಬೆಳಗಾವಿಯಲ್ಲಿ ತಾರೀಖು. ಎದ್ದು ನಿಂತು ಹೇಳಬೇಕಂತೆ. ಈ ಮಾನಪತ್ರ ನನ್ನದೇ. ಆದರೆ ಇದು ರೀತಿಗೆ ಬರೆದದ್ದು, ನಿಜವಲ್ಲ. ಹಾಳೆ ಹಿಡಿಯುವಂತಿಲ್ಲ, ಬಾಯಿಂದಲೇ ಹೇಳಬೇಕು.

ಶುಭಾಂಗಿ ರಜೆ ಹಾಕಿದ್ದಾಳೆ. “ಬಾಯಿ ಒಣಗಿದ್ರ ನನ್ನ ಕಡೆ ನೋಡ. ನಾ ಬೈತೀನಿ, ಆಮ್ಯಾಲ ತಾನ ಬರತೈತಿ,” ಎಂದಳು.

ಅಮ್ಮಿ ನಮಾಜಿನಲ್ಲಿದ್ದಾಳೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿದೆ. ಮೊದಲ ಮಾತೇ ‘ಮಾನ್ಯರೇ, ತಮಗೆ ನಮಸ್ಕಾರ’ ಎಂದು ಬರುತ್ತದೆ. ಎರಡನೆಯದು ‘ತಮ್ಮ ಅಮೂಲ್ಯ ಸಮಯ’ ಎಂದು.

ಹಾಗಲ್ಲ. ಮಾನ ಬೇಡ. ನೇರವಾಗಿ.

ನಾನು ರುಕ್ಸಾರ. ಜಾಫರಸಾಬರ ಮಗಳು. ನಮ್ಮ ಅಬ್ಬಾಗೆ ಒಂಬತ್ತು ಗಂಟೆಗೆ ಮಷೀನ್ ಇತ್ತು. ಗಾಡಿ ಬರಲಿಲ್ಲ.